ಬರೆಯೋ ಹಲಗಿ, ಬಡಿಯೋ ಹಲಗಿ

ನಾನು ಹೇಳಿದ ಸುಳ್ಳುಗಳಲ್ಲಿ ಹೆಚ್ಚಿನವಕ್ಕೆ ಏನಾದರೊಂದು ಕಾರಣವಿತ್ತು. ಒಂದಕ್ಕೆ ಮಾತ್ರ ಇರಲಿಲ್ಲ. ಅದನ್ನು ನಾನು ಹೇಳಿದ್ದು ಫ್ರೆಂಚ್ ಭಾಷೆಯಲ್ಲಿ.

ಹಗರಿಬೊಮ್ಮನಹಳ್ಳಿಯ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಹದಿನೈದು ವರ್ಷ ಒಂಬತ್ತನೇ ತರಗತಿಗೆ ಅದೇ ವ್ಯಾಕರಣ ಹೇಳಿಕೊಟ್ಟ ಮೇಲೆ ನನಗೇ ಏನಾದರೂ ಹೊಸದಾಗಿ ಕಲಿಯಬೇಕು ಅನ್ನಿಸಿತ್ತು. ಜೊತೆಯ ಶಿಕ್ಷಕಿಯೊಬ್ಬರು ಫೋನಿಗೆ ಒಂದು ಲಿಂಕ್ ಕಳಿಸಿದರು. ವಾರಕ್ಕೆರಡು ಸಂಜೆ ಆನ್‌ಲೈನ್‌ನಲ್ಲಿ ಉಚಿತವಾಗಿ ಫ್ರೆಂಚ್ ಪಾಠ. ಕಲಿಸುತ್ತಿದ್ದವರು ನಿವೃತ್ತ ಶಿಕ್ಷಕಿ, ಫ್ರಾನ್ಸಿನ ಪೂರ್ವದಲ್ಲಿ, ಜರ್ಮನಿಯ ಗಡಿಗೆ ಹತ್ತಿರದ ಊರಿನವರು. ನಾವು ಹನ್ನೊಂದು ಜನ ಕಲಿಯುವವರು. ಕೇರಳದವರಿದ್ದರು, ಪುಣೆಯವರಿದ್ದರು. ಕನ್ನಡ ಬಲ್ಲವರು ನನ್ನನ್ನು ಬಿಟ್ಟರೆ ಒಬ್ಬರೇ, ಧಾರವಾಡದ ಕಡೆಯ ಬ್ಯಾಂಕ್ ನೌಕರರು.

ಆಗ ನಾವು ಒಂದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದೆವು. ನಾವು ಎಂದರೆ ನಾನು ಮತ್ತು ಅಪ್ಪ. ಕೆಳಗೆ ಮನೆಯ ಮಾಲಕರು, ಗಂಡ ಹೆಂಡತಿ. ಅಪ್ಪ ಲೈನ್‌ಮನ್ ಆಗಿ ನಿವೃತ್ತನಾದವನು. ಕಂಬ ಹತ್ತಿ ಇಳಿದು ಮಂಡಿ ಸವೆದಿತ್ತು. ನನ್ನ ಪಾಠದ ಹೊತ್ತಿಗೆ ಅವನು ನನ್ನ ಎದುರಿನ ಮಂಚದ ಮೇಲೆ ಕುಳಿತು ಸುಮ್ಮನೆ ಕೇಳುತ್ತಿದ್ದ. ಒಂದಕ್ಷರವೂ ತಿಳಿಯುತ್ತಿರಲಿಲ್ಲ. 'ಮೂಗಿನ್ಯಾಗ ಮಾತಾಡ್ತೀರಲ್ಲವ್ವ' ಎಂದು ನಗುತ್ತಿದ್ದ. ಆದರೂ ಒಂದು ಪಾಠವನ್ನೂ ತಪ್ಪಿಸುತ್ತಿರಲಿಲ್ಲ.

ಒಂದು ಸಂಜೆ ಮೇಡಂ ಅಡ್ಡಹೆಸರುಗಳ ಪಾಠ ಮಾಡಿದರು. ಫ್ರೆಂಚರ ಎಷ್ಟೋ ಮನೆತನದ ಹೆಸರುಗಳು ಮೂಲತಃ ಫ್ರೆಂಚೇ ಅಲ್ಲವಂತೆ. ಬಹಳ ಹಿಂದೆ ಜರ್ಮನ್ ಕುಲದ ಭಾಷೆಯಾಡುವ ಜನ ಬಂದು ಆ ನಾಡನ್ನು ಆಳಿದರು. ಕಾಲಕ್ರಮೇಣ ಅವರು ತಮ್ಮ ಭಾಷೆ ಬಿಟ್ಟು ಅಲ್ಲಿನ ಭಾಷೆಯನ್ನೇ ಕಲಿತರು. ಆದರೆ ಅವರ ಹೆಸರುಗಳು ಉಳಿದುಕೊಂಡವು. ಆಳುವವರ ಹೆಸರೆಂದು ಉಳಿದ ಜನರೂ ಅವನ್ನು ತಮ್ಮ ಮಕ್ಕಳಿಗೆ ಇಟ್ಟರು. ಹೆಸರು ಜರ್ಮನ್ ಆದ ಮಾತ್ರಕ್ಕೆ ರಕ್ತವೂ ಜರ್ಮನ್ ಆಗಿರಬೇಕಿಲ್ಲ ಎಂದರು ಮೇಡಂ. ಮುಂದೆ ಅರ್ಥ ಮರೆತುಹೋಯಿತು. ಪ್ರತಿ ಮನೆಯೂ ತನ್ನ ಹೆಸರಿಗೆ ತನಗೆ ಒಪ್ಪುವ ಕಥೆಯೊಂದನ್ನು ಕಟ್ಟಿಕೊಂಡಿತು. ಪಂಡಿತರು ಇವತ್ತಿಗೂ ಕೆಲವು ಹೆಸರುಗಳ ಬಗ್ಗೆ ಜಗಳವಾಡುತ್ತಾರೆ.

ಮೇಡಂ ತಮ್ಮ ಮನೆಯದನ್ನೇ ಹೇಳಿದರು. ಅವರ ಅಡ್ಡಹೆಸರು ಫ್ರೆಂಚಿನಲ್ಲಿ 'ರೋಗ ವಾಸಿಮಾಡು' ಎನ್ನುವ ಕ್ರಿಯಾಪದದ ಹಾಗೆ ಕೇಳುತ್ತದೆ. ತಮ್ಮ ವಂಶದಲ್ಲಿ ಮುರಿದ ಮೂಳೆ ಕೂರಿಸುವ ಹಿರಿಯನೊಬ್ಬನಿದ್ದ, ಅದರಿಂದಲೇ ಈ ಹೆಸರು ಎಂದು ಅವರ ಅಜ್ಜ ಹೇಳುತ್ತಿದ್ದರಂತೆ. ಮೇಡಂ ಕಾಲೇಜು ಸೇರಿದಾಗ ಹೆಸರುಗಳ ನಿಘಂಟೊಂದನ್ನು ಕೊಂಡರು. ಅದರಲ್ಲಿ, ಆ ಹೆಸರು 'ಕಾಯುವವ' ಎಂಬ ಅರ್ಥದ ಹಳೆಯ ಜರ್ಮನ್ ಮಾತಿನಿಂದ ಬಂದದ್ದು ಎಂದಿತ್ತು. ಭಾನುವಾರದ ಊಟದ ಹೊತ್ತಿಗೆ, ಮನೆಗೆ ಬಂದ ನೆಂಟರ ಮುಂದೆ ಅವರು ಅದನ್ನು ಜೋರಾಗಿ ಓದಿದರು. ಅಜ್ಜ ಯುದ್ಧದ ಕಾಲದಲ್ಲಿ ಜರ್ಮನರ ಕಾರ್ಖಾನೆಯಲ್ಲಿ ಬಲವಂತದ ದುಡಿಮೆ ಮಾಡಿ ಬಂದವರು. ಊಟ ಅರ್ಧಕ್ಕೆ ಬಿಟ್ಟು ಎದ್ದುಹೋದರು. ವಾಸಿಮಾಡು ಎನ್ನುವ ಫ್ರೆಂಚ್ ಪದವೂ ಅದೇ ಹಳೆಯ ಜರ್ಮನ್ ಬೇರಿನದೇ, ಹಾಗಾಗಿ ಅಜ್ಜನ ಮಾತನ್ನೂ ಸುಳ್ಳೆನ್ನುವಂತಿಲ್ಲ ಎಂದು ಮೇಡಂಗೆ ತಿಳಿಯುವ ಹೊತ್ತಿಗೆ ಅಜ್ಜ ಇರಲಿಲ್ಲ.

'ಹೆಸರಿನ ಮೂಲ ಯಾವುದೋ, ಜಗಳ ಮುಗಿಯುವುದಿಲ್ಲ. ಅವತ್ತು ತಪ್ಪು ಮಾಡಿದವಳು ಮಾತ್ರ ನಾನೇ' ಎಂದರು. ಆಮೇಲೆ, ಮುಂದಿನ ಪಾಠಕ್ಕೆ ಪ್ರತಿಯೊಬ್ಬರೂ ತಮ್ಮ ಅಡ್ಡಹೆಸರಿನ ಬಗ್ಗೆ ಮೂರು ನಿಮಿಷ ಮಾತಾಡಬೇಕು ಎಂದು ಹೇಳಿ ಪಾಠ ಮುಗಿಸಿದರು.

ನಮ್ಮ ಅಡ್ಡಹೆಸರು ಹಲಗಿ.

ಹಲಗಿ ಅಂದರೆ ಮರದ ಹಲಗೆ. ಹಿಂದೆ ಮಕ್ಕಳು ಅಕ್ಷರ ತಿದ್ದುತ್ತಿದ್ದ ಹಲಗೆಯೂ ಹೌದು. ಬಳೆಯಂಥ ಮರದ ಚೌಕಟ್ಟಿಗೆ ತೊಗಲು ಬಿಗಿದು, ಹೆಗಲಿಗೆ ತೂಗುಹಾಕಿಕೊಂಡು ಬಡಿಯುವ ವಾದ್ಯವೂ ಹಲಗಿಯೇ. ಈ ಹೆಸರಿನವರು ನಮ್ಮ ಜಾತಿಯಲ್ಲಷ್ಟೇ ಅಲ್ಲ, ಬೇರೆ ಜಾತಿಗಳಲ್ಲೂ ಇದ್ದಾರೆ. ಅದಕ್ಕೇ ನಮ್ಮ ಕಡೆ ಹೆಸರು ಹೇಳಿದ ಕೂಡಲೇ ಎದುರಿನವರು ಒಂದು ಗಳಿಗೆ ತಡೆದು ಕೇಳುತ್ತಾರೆ: 'ಯಾವ ಹಲಗಿ ರೀ?' ಅದು ಹೆಸರಿನ ಬಗೆಗಿನ ಪ್ರಶ್ನೆಯಲ್ಲ ಎಂದು ಕೇಳುವವರಿಗೂ ಗೊತ್ತು, ಉತ್ತರಿಸುವವರಿಗೂ ಗೊತ್ತು.

ಕೊಟ್ಟೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಓದುವಾಗ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದ್ದಳು. 'ಬರಿಯೋ ಹಲಗಿ' ಅಂದೆ. ಅವಳು ತನ್ನ ಬುತ್ತಿಯನ್ನು ನನ್ನ ಕಡೆ ಸರಿಸಿದಳು. ಕೆಲಸಕ್ಕೆ ಸೇರಿದ ಮೇಲೆ ಸ್ಟಾಫ್ ರೂಮಿನಲ್ಲಿ ಕೇಳಿದರು, ಅದನ್ನೇ ಅಂದೆ. ಮಹಡಿ ಮನೆ ನೋಡಲು ಹೋದಾಗ ಮಾಲಕರ ಹೆಂಡತಿ ಕೇಳಿದರು, ಮತ್ತೆ ಅದನ್ನೇ ಅಂದೆ. ಅವರು ಬೀಗದ ಕೈ ಕೊಟ್ಟರು. ಈ ಸುಳ್ಳುಗಳಿಗೆ ನಾಚಿಕೆಪಟ್ಟಿದ್ದೇನೆ, ಇಲ್ಲವೆಂದಲ್ಲ. ಆದರೆ ಅವುಗಳ ಹಿಂದೆ ಒಂದು ಊಟವಿತ್ತು, ಒಂದು ಕುರ್ಚಿಯಿತ್ತು, ಒಂದು ಬಾಗಿಲಿತ್ತು.

ನಿಜ ಇಷ್ಟು. ಕೂಡ್ಲಿಗಿ ತಾಲೂಕಿನ ಹೊಸಹಳ್ಳಿ ಕಡೆಯ ಹಳ್ಳಿಗಳಲ್ಲಿ ನನ್ನಜ್ಜ ಹಲಗಿ ಬಡಿದು ಡಂಗುರ ಸಾರುತ್ತಿದ್ದ. ಸಾವಿನ ಮುಂದೆಯೂ ಬಡಿಯುತ್ತಿದ್ದ. ಕೆರೆಯ ನೀರು ಬಿಡುವ ದಿನ, ದನ ಕಳೆದ ಸುದ್ದಿ, ಮಕ್ಕಳಿಗೆ ಸೂಜಿ ಹಾಕುವವರು ಬರುವ ದಿನ, ಎಲ್ಲವೂ ಊರಿಗೆ ತಿಳಿಯುತ್ತಿದ್ದುದು ಅವನ ಬಾಯಿಂದ. ಓದು ಬರಹ ಬರುತ್ತಿರಲಿಲ್ಲ. ಸಾಹೇಬರು ಹೇಳಿದ ಮಾತನ್ನು ಒಂದಕ್ಷರ ಆಚೀಚೆ ಮಾಡದೆ ನೆನಪಿಟ್ಟುಕೊಳ್ಳಬೇಕಲ್ಲ, ಅದಕ್ಕೆ ದಾರಿಯುದ್ದಕ್ಕೂ ತುಟಿಯಲ್ಲೇ ಅಂದುಕೊಳ್ಳುತ್ತ ನಡೆಯುತ್ತಿದ್ದ. ಯಾರಾದರೂ ಎದುರಾಗಿ ಮಾತಾಡಿಸಿದರೆ ಕೈಮಾಡಿ 'ತಡೀರಿ' ಅನ್ನುತ್ತಿದ್ದ, ಮಾತು ಕಳೆದುಹೋದೀತೆಂದು. ನನಗೆ ಎಂಟೊಂಬತ್ತು ವರ್ಷವಾಗುವವರೆಗೂ ಅವನನ್ನು ಹೀಗೆ ನೋಡಿದ್ದೇನೆ.

ಇದನ್ನೇ ಹೇಳಬಹುದಿತ್ತು. ಮೇಡಂಗೆ ನನ್ನ ಜಾತಿ ಗೊತ್ತಿಲ್ಲ, ಗೊತ್ತಾದರೂ ಅವರಿಗೆ ಅದರಿಂದ ಏನೂ ಆಗಬೇಕಿಲ್ಲ. ಅವರು ನನಗೆ ಮನೆ ಕೊಡಬೇಕಿರಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಬೇಕಿರಲಿಲ್ಲ. ಆದರೂ ಮೂರು ದಿನ ಕುಳಿತು ನಾನು ಬರೆದದ್ದು ಬೇರೆಯದನ್ನೇ. ನನ್ನಜ್ಜ ಶಾಲೆಯಿಲ್ಲದ ಊರಿನಲ್ಲಿ, ಮರದ ಕೆಳಗೆ, ಹಲಗೆಯ ಮೇಲೆ ಮಣ್ಣು ಹರಡಿ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದ. ಅದಕ್ಕೇ ಜನ ನಮ್ಮನ್ನು ಹಲಗಿಯವರು ಎಂದರು. ಹಿಂದೆ ಮತ್ತೆ ಮತ್ತೆ ನಡೆಯುತ್ತಿದ್ದುದನ್ನು ಹೇಳುವ ಕ್ರಿಯಾರೂಪವನ್ನು ಆ ತಿಂಗಳಷ್ಟೇ ಕಲಿತಿದ್ದೆವು. ಒಮ್ಮೆಯೂ ನಡೆಯದ್ದನ್ನು ಆ ರೂಪದಲ್ಲಿ ಒಂದೂ ತಪ್ಪಿಲ್ಲದೆ ಹೇಳಿದೆ. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. 'ಎಂಥ ಹೆಸರು!' ಎಂದರು. ಧಾರವಾಡದ ಕಡೆಯವರು ಮಾತ್ರ ಏನೋ ಕೇಳಲು ಬಾಯಿ ತೆರೆದು ಸುಮ್ಮನಾದರು.

ಫೋನ್ ಇಟ್ಟಾಗ ಅಪ್ಪ ಮಂಚದ ತುದಿಗೆ ಬಂದು ಕುಳಿತಿದ್ದ.

'ಹಲಗಿ ಹಲಗಿ ಅಂತ ನಾಕು ಸಲ ಅಂದ್ಯಲ್ಲವ್ವ. ಕೂಡ್ಲಿಗಿ ಅಂತಾನೂ ಅಂದಿ. ಏನು ಹೇಳಿದಿ ಅವ್ರಿಗೆ?'

'ನಮ್ಮ ಹೆಸರಿನ ಬಗ್ಗೆ ಕೇಳಿದ್ರು. ಅಜ್ಜಂದು ಹೇಳಿದೆ.'

'ಏನಂತ?'

'ಹಲಗಿ ಬಡೀತಿದ್ದ, ಡಂಗುರ ಸಾರತಿದ್ದ ಅಂತ.'

ಅವನ ಮುಖ ನೋಡಿ ನನಗೆ ಹಾಗೆ ಹೇಳದಿರಲು ಆಗಲಿಲ್ಲ. ಒಂದು ಸುಳ್ಳಿನ ಮೇಲೆ ಇನ್ನೊಂದು, ಅದೂ ಐದು ನಿಮಿಷದೊಳಗೆ. ಅಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಆಮೇಲೆ, 'ಅವ್ರೇನಂದ್ರು?' ಎಂದ.

'ಕಣ್ಣೀರು ಹಾಕ್ಯಾರಪ್ಪ.'

'ಹಂಗಂತೀಯಾ!' ಎಂದು ಎದ್ದುಹೋಗಿ ಗೋಡೆಯ ಮೇಲಿನ ಬುದ್ಧನ ಪಟದ ಮುಂದೆ ಕೈಮುಗಿದು ನಿಂತ.

ಮರುದಿನ ಶಾಲೆಯಿಂದ ಬಂದಾಗ ಅಪ್ಪ ಮನೆಯಲ್ಲಿರಲಿಲ್ಲ. ಊರಿಗೆ ಹೋಗಿದ್ದ. ಎರಡು ದಿನ ಬಿಟ್ಟು ಬಂದ, ಬಗಲಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ದುಂಡನೆಯ ಗಂಟು. ಬಿಚ್ಚಿದರೆ ಅಜ್ಜನ ಹಲಗಿ. ದಾಯಾದಿಯೊಬ್ಬರ ಅಟ್ಟದ ಮೇಲಿತ್ತಂತೆ, ಅವರ ಮಗ ಹೊಸ ತೊಗಲು ಹಾಕಿಸಿದ್ದನಂತೆ.

'ಬರೇ ಮಾತಿನ್ಯಾಗ ಹೇಳಿದ್ರ ಹೆಂಗ ತಿಳೀತೈತಿ ಅವ್ರಿಗೆ? ತೋರಿಸೋಣ. ಎರಡು ಏಟು ಕೇಳಿಸೋಣ. ನಿಮ್ಮ ಕ್ಲಾಸು ಯಾವಾಗೈತಿ?'

ನಿಜ ಹೇಳಲು ಅದು ಸರಿಯಾದ ಹೊತ್ತಾಗಿತ್ತು. ನಾನು 'ಗುರುವಾರ' ಎಂದೆ.

ಗುರುವಾರ ಸಂಜೆ ಅಪ್ಪ ಸ್ನಾನ ಮಾಡಿ ಬಿಳಿ ಅಂಗಿ ಹಾಕಿಕೊಂಡ. ಅಡುಗೆಮನೆಯಲ್ಲಿ ಗ್ಯಾಸ್ ಒಲೆಯ ಸಣ್ಣ ಉರಿಯ ಮೇಲೆ ಹಲಗಿಯನ್ನು ತಿರುತಿರುಗಿಸಿ ಕಾಸಿದ. ಕಾಸಿದರೆ ತೊಗಲು ಬಿಗಿಯುತ್ತದೆ. ಮನೆಯೆಲ್ಲ ತೊಗಲಿನ ವಾಸನೆ ತುಂಬಿತು. ಕೆಳಗಿನವರಿಗೆ ಹೋದೀತೆಂದು ನಾನು ಕಿಟಕಿ ಮುಚ್ಚಿದೆ.

ಪಾಠ ಶುರುವಾಗಿ ಹತ್ತು ನಿಮಿಷವಾಗಿತ್ತು. ಅಪ್ಪ ತಾಳಲಾರದೆ ಬಂದು ನನ್ನ ಪಕ್ಕದಲ್ಲಿ ನಿಂತು, ಫೋನಿಗೆ ಬಾಗಿ, 'ನಮಸ್ಕಾರ ರೀ ಮೇಡಂ' ಎಂದ. ಮೇಡಂ ನಕ್ಕು ಕೈಬೀಸಿದರು. ಅಪ್ಪನ ಹೆಗಲಲ್ಲಿದ್ದ ಹಲಗಿಯನ್ನು ನೋಡಿ, 'ಅದೇನು?' ಎಂದು ನನ್ನನ್ನು ಫ್ರೆಂಚಿನಲ್ಲಿ ಕೇಳಿದರು. ಅಷ್ಟರಲ್ಲಿ ಪರದೆಯ ಮೂಲೆಯ ಚೌಕದಿಂದ ಧಾರವಾಡದ ಕಡೆಯವರ ದನಿ ಬಂತು: 'ನಮಸ್ಕಾರ್ರಿ ಯಜಮಾನ್ರ! ಆರಾಮದೀರೇನ್ರಿ?' ಅಪ್ಪನಿಗೆ ಖುಷಿಯೋ ಖುಷಿ. 'ಕನ್ನಡದವರೂ ಅದಾರಲ್ಲವ್ವ!' ಎಂದು, 'ನೋಡ್ರಿ, ಇದಾ ನಮ್ಮಪ್ಪನ...' ಎಂದು ಶುರುಮಾಡಿದ.

ನನ್ನ ಹೆಬ್ಬೆರಳು ನನ್ನನ್ನು ಕೇಳದೆ ಕೆಂಪು ಗುಂಡಿಯನ್ನು ಒತ್ತಿತು ಎಂದು ಬರೆಯಬಹುದು. ಅದೂ ಸುಳ್ಳಾಗುತ್ತದೆ. ಗೊತ್ತಿದ್ದೇ ಒತ್ತಿದೆ. ಮುಖಗಳೆಲ್ಲ ಮಾಯವಾದವು. ಫೋನನ್ನು ಅಪ್ಪನಿಗೆ ಕಾಣದಂತೆ ಸ್ವಲ್ಪ ಓರೆಮಾಡಿ ಹಿಡಿದು, 'ಅವರು ಕೇಳಾಕತ್ಯಾರ, ಹೊಡಿಯಪ್ಪ' ಎಂದೆ.

ಅಪ್ಪ ಹೊಡೆದ. ಬಲಗೈಯಲ್ಲಿ ದಪ್ಪ ಕೋಲು, ಎಡಗೈಯಲ್ಲಿ ತೆಳ್ಳನೆಯ ಕಡ್ಡಿ. ಮೊದಲು ಕೈ ತಡವರಿಸಿತು. ಆಮೇಲೆ ಕೂಡಿಬಂತು. ಡಂಗುರದ ಏಟು, ಮದುವೆಯ ಏಟು, ಸಾವಿನ ಏಟು, ಒಂದೊಂದಾಗಿ ಬಡಿದ. ನಡುನಡುವೆ ನಿಲ್ಲಿಸಿ, 'ಇದು ಡಂಗುರಕ್ಕ, ಹೇಳವ್ವ ಅವ್ರಿಗೆ' ಎನ್ನುತ್ತಿದ್ದ. ನಾನು ಆರಿದ ಫೋನಿಗೆ ಫ್ರೆಂಚಿನಲ್ಲಿ ಹೇಳುತ್ತಿದ್ದೆ. ಆ ಮಾತುಗಳೆಲ್ಲ ನಿಜವಾಗಿದ್ದವು. ಕೇಳುವವರು ಯಾರೂ ಇರಲಿಲ್ಲ. ಕೊನೆಗೆ ಬೆವರೊರೆಸಿಕೊಂಡು ಅಪ್ಪ ಕೇಳಿದ:

'ಕೇಳಿಸ್ತೇನು ಎಲ್ಲಾರಿಗೂ?'

'ಕೇಳಿಸ್ತಪ್ಪ.'

ಬಾಗಿಲು ಬಡಿದ ಸದ್ದಾಯಿತು. ಕೆಳಗಿನ ಗಂಡ ಹೆಂಡತಿ ಗಾಬರಿಯಿಂದ ಮೆಟ್ಟಿಲ ಮೇಲೆ ನಿಂತಿದ್ದರು. 'ಏನಾತ್ರಿ? ಯಾರು ಹೋದ್ರು?' ಎಂದರು ಮಾಲಕರು.

ಅಪ್ಪ ನಕ್ಕ. 'ಯಾರೂ ಹೋಗಿಲ್ರಿ. ಫ್ರಾನ್ಸಿನ ಮೇಡಂಗ ನಮ್ಮ ಹಲಗಿ ಕೇಳಿಸಿದ್ವಿ. ನಮ್ಮಪ್ಪಂದು ಇದು. ಹೊಸಹಳ್ಳಿ ಕಡಿ ಹಳ್ಳಿಗೆಲ್ಲ ಡಂಗುರ ಹೊಡದಾನ್ರಿ.'

ಮಾಲಕರು ಹಲಗಿಯನ್ನು ನೋಡಿದರು. ಅವರ ಹೆಂಡತಿ ನನ್ನನ್ನು ನೋಡಿದರು. 'ಬರಿಯೋ ಹಲಗಿ ಅಂದಿದ್ರಲ್ರಿ ಟೀಚರ್ರ?' ಎಂದರು. ದನಿ ಏರಿಸಲಿಲ್ಲ. ಇಬ್ಬರೂ ಕೆಳಗಿಳಿದು ಹೋದರು.

ಅಪ್ಪ ಹಲಗಿಯನ್ನು ಸೀರೆಯಲ್ಲಿ ಸುತ್ತಿಟ್ಟ. ಬೆಳಿಗ್ಗೆ ನಾನು ಚಹಾ ಕೊಟ್ಟಾಗ, ಲೋಟ ಹಿಡಿದುಕೊಂಡು ಹೇಳಿದ:

'ಮನಿ ಬೇಕಾಗಿತ್ತು, ಅಂದಿ. ಅದಕ್ಕ ನಾನೇನೂ ಅನ್ನಂಗಿಲ್ಲ. ಆ ಮಾತು ನಿನಗ ಕೊಟ್ಟಾಂವ ನಾನ. ನಿನ್ನ ಸಾಲಿಗೆ ಹಚ್ಚುವಾಗ ಹೆಡ್ ಮಾಸ್ತರು ಕೇಳಿದ್ರು, ಯಾವ ಹಲಗಿ ಅಂತ. ಬರಿಯೋ ಹಲಗಿ ರೀ, ಅಂದೆ. ನೀನು ಸಣ್ಣಾಕಿ, ನನ್ನ ಕೈ ಹಿಡಕೊಂಡು ನಿಂತಿದ್ದಿ. ನಮ್ಮಪ್ಪ ಇನ್ನೂ ಜೀವಂತ ಇದ್ದ. ಅವತ್ತಿಂದ ಅದೊಂದು ನನ್ನ ಎದಿಯಾಗ ಕುಂತಿತ್ತು. ಆ ಮೇಡಂ ಮುಂದ ನೀನು ಖರೇ ಹೇಳಿದ್ಯಲ್ಲ, ಸಾಕು. ನಾನು ಮಾಡಲಾರದ್ದು ನೀ ಮಾಡಿದಿ.'

ಆ ಸುಳ್ಳು ನನ್ನದೇ ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಹೆಡ್ ಮಾಸ್ತರರ ಮುಂದೆ ನಿಂತಿದ್ದು ನನಗೆ ನೆನಪೇ ಇಲ್ಲ. ಅಪ್ಪ ಕ್ಷಮಿಸುತ್ತಿದ್ದ, ನಾನು ಮಾಡದ ಒಂದು ಒಳ್ಳೆಯ ಕೆಲಸವನ್ನು ನೆಪಮಾಡಿಕೊಂಡು ಕ್ಷಮಿಸುತ್ತಿದ್ದ. ಶಾಲೆಗೆ ತಡವಾಗುತ್ತದೆ ಎಂದು ಎದ್ದುಬಿಟ್ಟೆ.

ಆ ವಾರ ಮೇಡಂಗೆ ಇ-ಮೇಲ್‌ನಲ್ಲಿ ಪತ್ರ ಬರೆದೆ. ನನಗೆ ಬರುವ ಫ್ರೆಂಚಿನಲ್ಲಿ, ನಿಘಂಟು ನೋಡಿ ನೋಡಿ, ಅಜ್ಜನದು, ಅಪ್ಪನದು, ಕೆಂಪು ಗುಂಡಿಯದು, ಎಲ್ಲವನ್ನೂ ಬರೆದೆ. ನಮ್ಮಲ್ಲಿ ಒಂದು ವಾದ್ಯದ ಹೆಸರಿಗೆ ಯಾಕೆ ಇಷ್ಟು ಹೆದರಬೇಕು ಎನ್ನುವುದನ್ನು ಅವರ ಭಾಷೆಯಲ್ಲಿ ವಿವರಿಸುವುದಕ್ಕೇ ಒಂದು ಪುಟ ಹಿಡಿಯಿತು. ಮರುದಿನ ಚಿಕ್ಕ ಉತ್ತರ ಬಂತು. 'ಹೋದ ವಾರ ನೀವು ತಪ್ಪಿಲ್ಲದೆ ಮಾತಾಡಿದ್ದಿರಿ. ಈ ಪತ್ರದಲ್ಲಿ ಹದಿನಾಲ್ಕು ತಪ್ಪುಗಳಿವೆ. ನನಗೆ ಇದೇ ಇಷ್ಟವಾಯಿತು. ನಿಮ್ಮ ತಂದೆ ಒಪ್ಪಿದರೆ ನಾವೆಲ್ಲ ಅವರ ವಾದ್ಯವನ್ನು ಕೇಳಬೇಕು.'

ಭಾನುವಾರ ಅಪ್ಪ ಮೊರದಲ್ಲಿ ಶೇಂಗಾ ಸುಲಿಯುತ್ತಿದ್ದ. 'ಮತ್ತೊಂದು ಸಲ ಹೊಡೀತೀಯೇನಪ್ಪ? ಮೇಡಂ ಕೇಳ್ಯಾರ' ಎಂದೆ.

'ಒಮ್ಮಿ ಕೇಳ್ಯಾರಲ್ಲ, ಮತ್ತ್ಯಾಕ? ಹಲಗಿ ಊರಿಗೆ ಕಳಿಸಿಬಿಟ್ಟೀನಿ. ರಟ್ಟಿ ನೋಯಾಕತ್ಯಾವ.'

ಇನ್ನು ಬೇರೆ ದಾರಿ ಉಳಿದಿರಲಿಲ್ಲ. ಅವನ ಎದುರು ನೆಲದ ಮೇಲೆ ಕುಳಿತು ಹೇಳಿದೆ. ಮೊದಲ ದಿನ ಮೇಡಂಗೆ ಏನು ಹೇಳಿದ್ದೆ ಎಂಬುದರಿಂದ ಹಿಡಿದು ಹೇಳಿದೆ. ಅಪ್ಪ ಸುಲಿಯುವುದನ್ನು ನಿಲ್ಲಿಸಲಿಲ್ಲ. ಫೋನಿನ ಮಾತು ಬಂದಾಗ ಕೈ ನಿಂತಿತು.

'ನಾ ಹೊಡಿಯುವಾಗ ಆರಿಸಿದ್ದೇನು?'

'ಅದಕ್ಕಿಂತ ಮೊದಲ.'

'ಅಂದ್ರ ಒಬ್ಬರೂ ಕೇಳಲಿಲ್ಲ.'

'ಇಲ್ಲ.'

'ಮತ್ತ ಯಾರಿಗೆ ಹೊಡದೆ ನಾನು?' ಎಂದ ಅಪ್ಪ.

ಅವನು ಬೈಯಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟು, ಅಂಗಿ ಹಾಕಿಕೊಂಡು, ಕೈಚೀಲದಲ್ಲಿ ಎರಡು ಜೊತೆ ಬಟ್ಟೆ ತುಂಬಿಕೊಂಡ. 'ಹರಪನಹಳ್ಳಿಗೆ ಹೋಗಿರ್ತೀನಿ' ಎಂದು ಮೆಟ್ಟಿಲಿಳಿದ. ಹರಪನಹಳ್ಳಿಯಲ್ಲಿ ಅವನ ತಂಗಿ, ನನ್ನ ಸೋದರತ್ತೆ, ಇದ್ದಾಳೆ. ಮಂಡಿ ನೋವಿನವನು ಮೆಟ್ಟಿಲಿಗೊಮ್ಮೆ ನಿಲ್ಲುತ್ತ ಇಳಿಯುತ್ತಿದ್ದುದನ್ನು ಮೇಲೆ ನಿಂತು ನೋಡಿದೆ. ಚೀಲ ಹಿಡಿದುಕೊಳ್ಳುತ್ತೇನೆ ಎಂದು ಕೆಳಗೆ ಹೋಗುವ ಧೈರ್ಯವೂ ಬರಲಿಲ್ಲ.

ಹನ್ನೆರಡು ದಿನ ಫೋನ್ ಮಾಡಿದರೂ ಎತ್ತಲಿಲ್ಲ. ಹದಿಮೂರನೆಯ ದಿನ ರಜೆ ಹಾಕಿ ಹೋದೆ. ಅತ್ತೆ ಬಾಗಿಲಲ್ಲೇ ತಡೆದಳು.

'ಒಳಗೆ ಅದಾನೆ. ಹೋಗೋಕೆ ಮುಂಚೆ ಒಂದು ಮಾತು ಕೇಳು. ನಿಮ್ಮಪ್ಪ ಕೊನೇಗೆ ಹಲಗಿ ಹಿಡಿದಿದ್ದು ಯಾವಾಗ ಗೊತ್ತೈತಾ? ನಮ್ಮಪ್ಪನ ಹೆಣದ ಮುಂದೆ. ಸುಡುಗಾಡಿನ ತನಕ ಬಡಕೊಂಡು ಹೋದ. ಆಮೇಲೆ ಮುಟ್ಟೇ ಇಲ್ಲ, ಯಾರು ಕರೆದ್ರೂ ಹೋಗ್ಲಿಲ್ಲ. ನಿನ್ನ ಮಾತಿಗೆ ಅಂತ ಎತ್ಕೊಂಡಿದ್ದ.'

'ತಪ್ಪಾತು ಅತ್ತಿ' ಎಂದೆ.

'ನನ್ನ ಮುಂದೆ ಹೇಳಿದ್ರೆ ಏನು ಬಂತು? ಹೋಗು.'

ಒಳಗೆ ಅಪ್ಪ ಕುರ್ಚಿಯಲ್ಲಿ ಕುಳಿತು ಪೇಪರ್ ಓದುತ್ತಿದ್ದ. ನನ್ನನ್ನು ನೋಡಿ, 'ಊಟ ಆತೇನು?' ಎಂದ. ಅಷ್ಟೇ. ಸಂಜೆಯ ಬಸ್ಸಿಗೆ ನನ್ನ ಜೊತೆ ಹೊರಟ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಅವನು ಡ್ರೈವರನ ಹಿಂದಿನ ಸೀಟಿಗೆ ಹೋಗಿ ಕುಳಿತ.

ಎರಡು ತಿಂಗಳಿಗೆ ಮನೆ ಬಿಟ್ಟೆವು. ಮಗಳು ಬರುತ್ತಾಳೆ, ಮಹಡಿ ಬೇಕು ಎಂದರು ಮಾಲಕರು. ಆ ಮಗಳು ಬಂದಳೋ ಇಲ್ಲವೋ ನಾನು ವಿಚಾರಿಸಲು ಹೋಗಲಿಲ್ಲ. ಹೊಸ ಮನೆ ಹುಡುಕುವಾಗ ಎರಡು ಕಡೆ ಬಡಿಯೋ ಹಲಗಿ ಎಂದೇ ಹೇಳಿದೆ. ಎರಡೂ ಸಿಗಲಿಲ್ಲ. ಮೂರನೆಯ ಕಡೆ ಅವರು ಕೇಳಲೇ ಇಲ್ಲ. ಕೇಳದೇ ಇದ್ದುದಕ್ಕೆ ನನಗಾದ ಸಮಾಧಾನ ನೆನೆದರೆ ಈಗಲೂ ತಲೆ ತಗ್ಗುತ್ತದೆ.

ಫ್ರೆಂಚ್ ತರಗತಿಯಲ್ಲಿ ಎಲ್ಲರ ಮುಂದೆ ನಿಜ ಹೇಳಿದೆ. ಧಾರವಾಡದ ಕಡೆಯವರು ಆಮೇಲೆ ಫೋನ್ ಮಾಡಿ, 'ಅವತ್ತು ನಿಮ್ಮ ತಂದೆಯವರು ಹೆಗಲಿಗೆ ಹಾಕ್ಕೊಂಡು ಬಂದಾಗ ನನಗ ನಮ್ಮೂರು ನೆನಪಾತ್ರಿ' ಎಂದರು. ಅವರ ದನಿಯಲ್ಲಿ ನಾನು ಹೆದರಿದ್ದು ಏನೂ ಇರಲಿಲ್ಲ.

ಅಪ್ಪ ಈಗ ನನ್ನ ಜೊತೆ ಎಲ್ಲ ಮಾತಾಡುತ್ತಾನೆ. ತರಕಾರಿ ತರುತ್ತಾನೆ, ಚಹಾ ಮಾಡಿಡುತ್ತಾನೆ, ನನ್ನ ಶಾಲೆಯ ಸುದ್ದಿ ಕೇಳುತ್ತಾನೆ. ಫ್ರೆಂಚ್ ಪಾಠದ ಹೊತ್ತಾದ ಕೂಡಲೇ ಮಾತ್ರ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಾನೆ. ಬಸ್ ಸ್ಟ್ಯಾಂಡಿನವರೆಗೆ ನಡೆದು, ಅಲ್ಲಿ ಕಟ್ಟೆಯ ಮೇಲೆ ಕುಳಿತು, ಪಾಠ ಮುಗಿದ ಮೇಲೆ ಬರುತ್ತಾನೆ. ಕೂತು ಕೇಳು ಎಂದು ಕರೆಯಲು ನನಗೆ ಇನ್ನೂ ಬಾಯಿ ಬಂದಿಲ್ಲ.